ಅರಮನೆ ಬೇಡವೆಂದ ಅಧ್ಯಕ್ಷ, ಬಾಡಿಗೆ ಕಟ್ಟಲಾಗದ ಪ್ರಜೆ

ಆಡಳಿತಗಾರ ಅಗ್ಗದ ಅಂಗಿ ತೊಟ್ಟರೆ ಬಡವನ ಮನೆ ಬಾಡಿಗೆ ಇಳಿಯುತ್ತದೆಯೇ? ಆತ ಅರಮನೆಯ ಬದಲು ಹಳೆಯ ಮನೆಯಲ್ಲಿ ಮಲಗಿದರೆ ಮನೆಯಿಲ್ಲದವನಿಗೆ ಮನೆ ಸಿಗುತ್ತದೆಯೇ? ಈ ಪ್ರಶ್ನೆಗಳು ಹಾಸ್ಯಾಸ್ಪದವೆನಿಸಬಹುದು. ಆದರೆ ಮುಸ್ಲಿಮ್ ಜಗತ್ತಿನಲ್ಲಿ ಒಬ್ಬ ನಾಯಕನನ್ನು ಅಳೆಯುವಾಗ ನಾವು ಬಳಸುತ್ತಾ ಬಂದಿರುವ ಮಾನದಂಡ ಬಹುತೇಕ ಇದೇ ಆಗಿದೆ. ಇರಾನಿನ ಅಧ್ಯಕ್ಷರಾಗಿದ್ದ ಮಹ್ಮೂದ್ ಅಹ್ಮದಿನೆಜಾದ್‌ರ ಮೊದಲ ವರ್ಷಗಳು ಈ ಮಾನದಂಡದ ಟೊಳ್ಳುತನವನ್ನು ಬಯಲು ಮಾಡುತ್ತವೆ. ಆದ್ದರಿಂದ ಅವುಗಳನ್ನು ಮತ್ತೊಮ್ಮೆ ಓದುವುದು ಅಗತ್ಯವೆಂದು ನಾವು ಭಾವಿಸುತ್ತೇವೆ.

2005ರ ಜೂನ್ 24ರಂದು ನಡೆದ ಎರಡನೇ ಸುತ್ತಿನ ಮತದಾನದಲ್ಲಿ ಅವರು ಮಾಜಿ ಅಧ್ಯಕ್ಷ ಹಾಶಿಮಿ ರಫ್ಸಂಜಾನಿಯವರನ್ನು ಶೇ. 61ಕ್ಕೂ ಹೆಚ್ಚು ಮತ ಪಡೆದು ಸೋಲಿಸಿದರು. ಕಮ್ಮಾರನ ಮಗ, ಸಾರಿಗೆ ವಿಷಯದಲ್ಲಿ ಡಾಕ್ಟರೇಟ್ ಪಡೆದ ಇಂಜಿನಿಯರ್, ಎರಡು ವರ್ಷ ಟೆಹರಾನಿನ ಮೇಯರ್. ಅಂದಿನಿಂದ ಜಗತ್ತಿನ ಮಾಧ್ಯಮಗಳು ಅವರ ಎರಡು ಚಿತ್ರಗಳನ್ನು ಮಾತ್ರ ತೋರಿಸಿದವು. ಪಾಶ್ಚಾತ್ಯ ಪತ್ರಿಕೆಗಳಿಗೆ ಅವರು ಅಣುಬಾಂಬಿನ ಹಿಂದೆ ಬಿದ್ದ ಹುಚ್ಚ. ಅತ್ತ ಮುಸ್ಲಿಮ್ ಪತ್ರಿಕೆಗಳಲ್ಲಿ, ಕೈಯಿಂದ ಕೈಗೆ ದಾಟುತ್ತಿದ್ದ ಈಮೇಲ್‌ಗಳಲ್ಲಿ ಅವರು ಈ ಯುಗದ ಖಲೀಫಾ: ನೆಲದ ಮೇಲೆ ಕುಳಿತು ಉಣ್ಣುವ, ಬೂದು ಬಣ್ಣದ ಸಾದಾ ಜಾಕೆಟ್ ತೊಡುವ, ಹಳೆಯ ಪ್ಯೂಜೋ ಕಾರಿನ ಒಡೆಯ. ಒಂದು ಬಣದವರು ಅವರ ಬಾಯಿ ನೋಡಿದರು, ಇನ್ನೊಂದು ಬಣದವರು ಅವರ ಬಟ್ಟೆ ನೋಡಿದರು. ಟೆಹರಾನಿನ ದಕ್ಷಿಣ ಭಾಗದಲ್ಲಿ ಒಂದು ಕೋಣೆಯ ಬಾಡಿಗೆ ಎಷ್ಟಾಯಿತು ಎಂದು ಇಬ್ಬರೂ ಕೇಳಲಿಲ್ಲ.

ಆದರೆ ಅವರಿಗೆ ಮತ ಹಾಕಿದವರಲ್ಲಿ ಅನೇಕರು ಕೇಳುತ್ತಿದ್ದ ಪ್ರಶ್ನೆ ಅದೇ ಆಗಿತ್ತು.

ಟೆಹರಾನ್ ಇಳಿಜಾರಿನ ಮೇಲೆ ನಿಂತ ನಗರ. ಉತ್ತರದಲ್ಲಿ ಅಲ್ಬುರ್ಝ್ ಬೆಟ್ಟದ ತಪ್ಪಲು, ತಂಪು ಗಾಳಿ, ಸಿರಿವಂತರ ಮನೆಗಳು. ದಕ್ಷಿಣಕ್ಕೆ ಇಳಿದಂತೆ ಬಿಸಿಲು, ಧೂಳು, ಕಾರ್ಖಾನೆ, ಕಾರ್ಮಿಕರ ಕೇರಿಗಳು. ರಸ್ತೆಬದಿಯ ಕಾಲುವೆಗಳ ನೀರು ಕೂಡಾ ಉತ್ತರದಿಂದ ದಕ್ಷಿಣಕ್ಕೆ ಹರಿಯುತ್ತದೆ. 1979ರ ಕ್ರಾಂತಿ ಈ ದಕ್ಷಿಣದ ಜನರ ಹೆಸರಿನಲ್ಲಿ, 'ಮುಸ್ತಝಫೀನ್' ಅಂದರೆ ತುಳಿತಕ್ಕೊಳಗಾದವರ ಹೆಸರಿನಲ್ಲಿ ನಡೆಯಿತು. ಅದೇ ವರ್ಷದ ಎಪ್ರಿಲ್‌ನಲ್ಲಿ ಇಮಾಮ್ ಖುಮೈನಿ ಬಡವರ ಮನೆಗಳಿಗಾಗಿ ವಸತಿ ಪ್ರತಿಷ್ಠಾನವನ್ನು ಸ್ಥಾಪಿಸಿದರು. ಹೊಸ ಸಂವಿಧಾನದ 31ನೇ ವಿಧಿ ತನ್ನ ಅಗತ್ಯಕ್ಕೆ ತಕ್ಕ ಮನೆ ಪ್ರತಿಯೊಬ್ಬ ವ್ಯಕ್ತಿಯ, ಪ್ರತಿಯೊಂದು ಕುಟುಂಬದ ಹಕ್ಕು ಎಂದಿತು. ಹಳ್ಳಿಗರಿಗೆ ಮತ್ತು ಕಾರ್ಮಿಕರಿಗೆ ಆದ್ಯತೆ ನೀಡಬೇಕೆಂದೂ ಹೇಳಿತು. ನಗರದ ಖಾಲಿ ಭೂಮಿಯನ್ನು ವಶಪಡಿಸಿಕೊಳ್ಳುವ ಮಸೂದೆ ಶರೀಅತ್‌ಗೆ ಹೊಂದುವುದಿಲ್ಲವೆಂದು ರಕ್ಷಕ ಮಂಡಳಿ ತಡೆದಾಗ, ಇಮಾಮ್ ಖುಮೈನಿ 1981ರಲ್ಲಿ 'ಝರೂರತ್' ಎಂಬ ತತ್ವದ ಆಧಾರದಲ್ಲಿ ನಿರ್ಧರಿಸುವ ಅಧಿಕಾರವನ್ನು ಸಂಸತ್ತಿಗೆ ಕೊಟ್ಟರು. ಮಸೂದೆ ಕಾನೂನಾಯಿತು. ಮನೆಯ ಪ್ರಶ್ನೆಯನ್ನು ಫಿಕ್‌ಹ್‌ನ ತುರ್ತು ಪ್ರಶ್ನೆಯಾಗಿ ಎತ್ತಿಕೊಂಡ ಈ ಕ್ಷಣ ಆಧುನಿಕ ಮುಸ್ಲಿಮ್ ಇತಿಹಾಸದಲ್ಲಿ ಸಣ್ಣದೇನಲ್ಲ.

ಆದರೆ ಯುದ್ಧ ಮುಗಿದು ಪುನರ್ನಿರ್ಮಾಣದ ಕಾಲ ಬಂದಾಗ ಗಾಳಿ ಬದಲಾಯಿತು. 1990ರ ದಶಕದಲ್ಲಿ ಟೆಹರಾನಿನ ನಗರಾಡಳಿತ ತನ್ನ ಖರ್ಚಿಗೆ ಹಣ ಹೊಂದಿಸಲು ಹೊಸ ದಾರಿ ಹುಡುಕಿತು. ನಿಯಮಕ್ಕಿಂತ ಹೆಚ್ಚು ಮಹಡಿ ಕಟ್ಟುವ ಪರವಾನಿಗೆಯನ್ನು ಅದು ಹಣಕ್ಕೆ ಮಾರತೊಡಗಿತು. ಉದ್ಯಾನವನಗಳೂ ಹೆದ್ದಾರಿಗಳೂ ಬಂದವು, ನಿಜ. ಜೊತೆಗೆ ಭೂಮಿ ಎಂಬುದು ವಾಸಿಸುವ ಜಾಗವಾಗಿ ಉಳಿಯದೆ ಹಣ ಹೂಡುವ ಪೆಟ್ಟಿಗೆಯಾಯಿತು. ನಗರದೊಳಗೆ ಜಾಗ ಸಿಗದವರು ಅಂಚಿಗೆ ಸರಿದರು. 1992ರಲ್ಲಿ ಮಶ್‌ಹದ್‌ನಲ್ಲಿ ಅಕ್ರಮ ಮನೆಗಳನ್ನು ಕೆಡವಲು ಹೋದಾಗ ಜನ ದಂಗೆಯೆದ್ದರು. 1995ರಲ್ಲಿ ಟೆಹರಾನಿನ ಹೊರವಲಯದ ಇಸ್ಲಾಮ್‌ಶಹರ್‌ನಲ್ಲಿ ಬಡವರು ಬೀದಿಗಿಳಿದರು. ಮುಸ್ತಝಫೀನ್‌ಗಳ ಸರಕಾರ ಮುಸ್ತಝಫೀನ್‌ಗಳ ಮೇಲೆ ಪೊಲೀಸರನ್ನು ಛೂ ಬಿಟ್ಟಿತು. ಖಾತಮಿಯವರ ಎಂಟು ವರ್ಷಗಳಲ್ಲಿ ಸ್ವಾತಂತ್ರ್ಯದ ಬಗ್ಗೆ, ನಾಗರಿಕತೆಗಳ ಸಂವಾದದ ಬಗ್ಗೆ ಬಹಳ ಮಾತಾಯಿತು. ಬಾಡಿಗೆಯ ಬಗ್ಗೆ ಆದ ಮಾತು ಕಡಿಮೆ.

ಆದ್ದರಿಂದ 2005ರ ಮತವನ್ನು ಅಜ್ಞಾನಿಗಳ ಮತವೆಂದು ಗೇಲಿ ಮಾಡಿದವರ ಜೊತೆ ನಾವಿಲ್ಲ. ತೈಲದ ಹಣ ಬಡವರ ಊಟದ ಹಾಸಿಗೆ ಬರಬೇಕೆಂಬ ಮಾತು ಆ ಚುನಾವಣೆಯಲ್ಲಿ ಅಹ್ಮದಿನೆಜಾದ್‌ರ ಹೆಸರಿಗೆ ಅಂಟಿಕೊಂಡಿತು. ಆ ಹಾಸಿಗೆ ಫಾರ್ಸಿಯಲ್ಲಿ 'ಸುಫ್ರೆ' ಎನ್ನುತ್ತಾರೆ. ನಮ್ಮ ಕರಾವಳಿಯ ಮನೆಗಳಲ್ಲಿ ಅದು 'ಸುಪ್ರ', ಉರ್ದು ಮಾತಾಡುವವರಲ್ಲಿ 'ದಸ್ತರ್‌ಖಾನ್'. ಹಸಿದವನಿಗೆ ಇದಕ್ಕಿಂತ ಸ್ಪಷ್ಟವಾದ ರಾಜಕೀಯ ಭಾಷೆ ಬೇಕೇ? ಸಿಟ್ಟು ನ್ಯಾಯವಾಗಿತ್ತು, ಬೇಡಿಕೆ ನ್ಯಾಯವಾಗಿತ್ತು. ನಮ್ಮ ತಕರಾರು ಇರುವುದು ಆ ಬೇಡಿಕೆಗೆ ಸಿಕ್ಕ ಉತ್ತರದ ಬಗ್ಗೆ.

ಹೊಸ ಅಧ್ಯಕ್ಷರ ಆಡಳಿತ ಶೈಲಿಯನ್ನು ನೋಡೋಣ. ಅವರು ಟೆಹರಾನಿನ ನಾರ್ಮಕ್ ಬಡಾವಣೆಯ ತಮ್ಮ ಸಾಮಾನ್ಯ ಮನೆಯನ್ನು ಬಿಡಲು ಒಪ್ಪಲಿಲ್ಲ. ಕೊನೆಗೆ ಬಿಟ್ಟದ್ದು ಭದ್ರತೆಯವರ ಒತ್ತಾಯಕ್ಕೆ. ಸಚಿವ ಸಂಪುಟವನ್ನೇ ಹೊತ್ತುಕೊಂಡು ಪ್ರಾಂತಗಳಿಗೆ ಹೊರಟರು. ರಾಜಧಾನಿಯ ಮುಖ ಕಾಣದ ಊರುಗಳಲ್ಲಿ ಸಂಪುಟ ಸಭೆ ನಡೆಯಿತು. ಮೈದಾನದಲ್ಲಿ ಭಾಷಣವಾದ ನಂತರ ಜನ ಅರ್ಜಿ ಕೊಡುತ್ತಿದ್ದರು. ಲಕ್ಷಾಂತರ ಪತ್ರಗಳು ಬಂದವು. ಮಗಳ ಮದುವೆಗೆ ನೆರವು ಬೇಕು, ಮಗನಿಗೆ ಕೆಲಸ ಬೇಕು, ಸಾಲ ಬೇಕು, ಮನೆ ಬೇಕು. ಕೆಲವರಿಗೆ ಉತ್ತರ ಬಂತು, ಕೆಲವರಿಗೆ ಸಣ್ಣ ಮೊತ್ತವೂ ಬಂತು. ರಾಜಧಾನಿಯಲ್ಲೇ ಕೊಳೆತ ಅಧಿಕಾರವನ್ನು ಹಳ್ಳಿಯ ಬಾಗಿಲಿಗೆ ಒಯ್ದದ್ದನ್ನು ನಾವು ಹೀಗಳೆಯುವುದಿಲ್ಲ. ದಶಕಗಳಿಂದ ಯಾವ ಸಚಿವನನ್ನೂ ಕಾಣದ ಊರಿಗೆ ಅಧ್ಯಕ್ಷನೇ ಬಂದರೆ ಆ ಊರಿನವರಿಗಾಗುವ ಸಂತೋಷ ಸುಳ್ಳಲ್ಲ.

ಆದರೆ ಅರ್ಜಿ ಎಂಬುದು ಏನು? ಸಂವಿಧಾನ ಯಾವುದನ್ನು ಹಕ್ಕು ಎಂದು ಬರೆದಿತ್ತೋ ಅದನ್ನೇ ಪ್ರಜೆ ಈಗ ಕೈಯೊಡ್ಡಿ ಕೇಳಬೇಕಾಯಿತು. 31ನೇ ವಿಧಿಯ ಪ್ರಕಾರ ಮನೆಗಾಗಿ ಕಾದವನು ಸರಕಾರಕ್ಕೆ ಸಾಲ ಕೊಟ್ಟ ಧಣಿಯಂತೆ. ಸರಕಾರ ಆತನ ಬಾಕಿದಾರ. ಮೈದಾನದಲ್ಲಿ ಚೀಟಿ ಹಿಡಿದು ನಿಂತವನಾದರೋ ಭಿಕ್ಷುಕ. ಸರಕಾರ ಆತನ ದಾನಿ. ಒಂದೇ ಮನುಷ್ಯ, ಒಂದೇ ಬೇಡಿಕೆ, ಆದರೆ ಸಂಬಂಧ ತಲೆಕೆಳಗಾಯಿತು. ಕುರ್‌ಆನ್ ಶ್ರೀಮಂತರ ಸಂಪತ್ತಿನಲ್ಲಿರುವ ಬಡವನ ಪಾಲನ್ನು ಕೃಪೆ ಎನ್ನಲಿಲ್ಲ, ಹಕ್ಕು ಎಂದಿತು. ಅಧ್ಯಕ್ಷರ ಶೈಲಿ ಅದನ್ನು ಮತ್ತೆ ಕೃಪೆಯಾಗಿಸಿತು.

ವಸತಿಯ ಕುರಿತ ಅವರ ಮೊದಲ ನಿರ್ಧಾರಗಳಲ್ಲೂ ಇದೇ ಸ್ವಭಾವ ಕಾಣುತ್ತದೆ. ಅಧಿಕಾರಕ್ಕೆ ಬಂದ ಕೂಡಲೇ ಅವರು ಘೋಷಿಸಿದ್ದು ಇಮಾಮ್ ರಝಾರ ಹೆಸರಿನ 'ಮೆಹ್ರ್' ನಿಧಿಯನ್ನು. ಯುವಕ ಯುವತಿಯರಿಗೆ ಮದುವೆಗೆ, ಕೆಲಸಕ್ಕೆ, ಮನೆಗೆ ತೈಲದ ಆದಾಯದಿಂದ ನೆರವು. ಮೆಹ್ರ್ ಎಂದರೆ ಪ್ರೀತಿ, ಮಮತೆ. ಸಂಸತ್ತು ಈ ಯೋಜನೆಯನ್ನು ಒಪ್ಪಲಿಲ್ಲ. ಆದರೂ ಅದು ಆಡಳಿತಾತ್ಮಕ ದಾರಿಯಿಂದ ಜಾರಿಗೆ ಬಂತು. ನಂತರ ಬ್ಯಾಂಕುಗಳ ಮೇಲೆ ಒತ್ತಡ ಶುರುವಾಯಿತು. ಸಾಲ ಕೊಡಿ, ಬೇಗ ಕೊಡಿ, ಕಡಿಮೆ ದರಕ್ಕೆ ಕೊಡಿ. 2007ರಲ್ಲಿ ತಜ್ಞರ ಸಲಹೆಗೆ ವಿರುದ್ಧವಾಗಿ ಬ್ಯಾಂಕುಗಳ ಸಾಲದ ದರವನ್ನು ಶೇ. 12ಕ್ಕೆ ಇಳಿಸಲು ಆದೇಶಿಸಿದರು. ಬೆಲೆಯೇರಿಕೆ ಅದಕ್ಕಿಂತ ವೇಗವಾಗಿ ಓಡುತ್ತಿತ್ತು.

ಬಡ್ಡಿ ಕಡಿಮೆಯಾದರೆ ಮುಸಲ್ಮಾನನಿಗೆ ಸಂತೋಷವಾಗಬೇಡವೇ ಎಂದು ಕೆಲವರು ಕೇಳಬಹುದು. ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಬೆಲೆಗಳು ವರ್ಷಕ್ಕೆ ನೂರಕ್ಕೆ ಹದಿನೆಂಟೋ ಇಪ್ಪತ್ತೋ ಏರುವಾಗ ಹನ್ನೆರಡಕ್ಕೆ ಸಾಲ ಸಿಗುವುದಾದರೆ, ಸಾಲ ಪಡೆದವನು ಏನೂ ಮಾಡದೆ ಲಾಭ ಗಳಿಸುತ್ತಾನೆ. ಅಂತಹ ಸಾಲ ಯಾರಿಗೆ ಸಿಗುತ್ತದೆ? ಅಡವಿಡಲು ಆಸ್ತಿಯಿದ್ದವನಿಗೆ, ಬ್ಯಾಂಕಿನೊಳಗೆ ಪರಿಚಯವಿದ್ದವನಿಗೆ. ಆತ ಆ ಹಣವನ್ನು ಎಲ್ಲಿ ಹಾಕುತ್ತಾನೆ? ಬೆಲೆ ಏರುವುದು ಖಚಿತವಾಗಿರುವ ಭೂಮಿಗೆ, ಫ್ಲ್ಯಾಟಿಗೆ. ಬ್ಯಾಂಕಿನಲ್ಲಿ ಚೂರುಪಾರು ಉಳಿಸಿಟ್ಟ ಕೂಲಿಕಾರನ ಹಣ ಅಷ್ಟರಲ್ಲಿ ಕರಗಿರುತ್ತದೆ. ಬಡವನಿಂದ ಶ್ರೀಮಂತನಿಗೆ ಸಂಪತ್ತು ಸಾಗಿಸಲು ಬಡ್ಡಿಯೊಂದೇ ದಾರಿಯಲ್ಲ, ಹಣದುಬ್ಬರವೂ ಒಂದು ದಾರಿ. ಬಡ್ಡಿಯ ವಿರುದ್ಧ ಮಾತಾಡುವ ನಾವು ಇದರ ವಿರುದ್ಧವೂ ಅಷ್ಟೇ ಗಟ್ಟಿಯಾಗಿ ಮಾತಾಡಬೇಕು.

ಇದರ ಮೇಲೆ ತೈಲದ ಹಣ ಬಂದು ಬಿತ್ತು. 2008ರ ಜುಲೈಯಲ್ಲಿ ಕಚ್ಚಾತೈಲ ಬ್ಯಾರೆಲ್‌ಗೆ 147 ಡಾಲರ್ ಮುಟ್ಟಿತು. ಡಾಲರ್ ರಿಯಾಲ್ ಆಗಿ ಮಾರುಕಟ್ಟೆಗೆ ಇಳಿದಾಗ ಬಟ್ಟೆ, ಹಣ್ಣು, ಯಂತ್ರಗಳ ಕೊರತೆಯನ್ನು ಆಮದಿನಿಂದ ತುಂಬಬಹುದು. ಟೆಹರಾನಿನ ಭೂಮಿಯನ್ನು ಚೀನಾದಿಂದ ತರಿಸಲಾಗದು. ಹೆಚ್ಚಾದ ಹಣವೆಲ್ಲಾ ಹೆಚ್ಚಾಗದ ಭೂಮಿಯ ಹಿಂದೆ ಓಡಿತು. ಎರಡೇ ವರ್ಷಗಳಲ್ಲಿ ಟೆಹರಾನಿನ ಮನೆ ಬೆಲೆ ಹೆಚ್ಚುಕಡಿಮೆ ಇಮ್ಮಡಿಯಾಯಿತು. 2008ರಲ್ಲಿ ದೇಶದ ಹಣದುಬ್ಬರ ಶೇ. 25ರ ಆಸುಪಾಸು ತಲುಪಿತು.

ಬಾಡಿಗೆದಾರನ ಪಾಡನ್ನು ನಮ್ಮ ಓದುಗರು ಸುಲಭವಾಗಿ ಊಹಿಸಬಲ್ಲರು. ಇರಾನಿನಲ್ಲಿ 'ರಹನ್' ಎಂಬ ಪದ್ಧತಿಯಿದೆ. ಮನೆ ಮಾಲಕನಿಗೆ ದೊಡ್ಡ ಮೊತ್ತ ಮುಂಗಡ ಕೊಟ್ಟು ಬಾಡಿಗೆಯಿಲ್ಲದೆಯೋ ಕಡಿಮೆ ಬಾಡಿಗೆಗೋ ಇರುವುದು. ಬೆಂಗಳೂರಿನಲ್ಲಿ ಭೋಗ್ಯಕ್ಕೆ ಅಥವಾ ಲೀಸಿಗೆ ಮನೆ ಹಿಡಿಯುವುದಕ್ಕೆ ಇದು ಬಹಳ ಹತ್ತಿರ. ಕರಾರು ಸಾಮಾನ್ಯವಾಗಿ ಒಂದು ವರ್ಷಕ್ಕೆ. ಪ್ರತೀ ಬೇಸಗೆಯಲ್ಲಿ ಮಾಲಕ ಹೊಸ ಮೊತ್ತ ಹೇಳುತ್ತಾನೆ. ಹೊಂದಿಸಲಾಗದವನು ಗಂಟುಮೂಟೆ ಕಟ್ಟಿ ಇನ್ನಷ್ಟು ದಕ್ಷಿಣಕ್ಕೆ ಇಳಿಯುತ್ತಾನೆ. ಮಕ್ಕಳ ಶಾಲೆ ಬದಲಾಗುತ್ತದೆ, ಕೆಲಸದ ಜಾಗ ದೂರವಾಗುತ್ತದೆ. ಮದುವೆ ನಿಶ್ಚಯವಾದ ಹುಡುಗ ಮನೆ ಸಿಗುವವರೆಗೆ ಕಾಯುತ್ತಾನೆ. ಮದುವೆಗೆ ನೆರವಾಗಲು ಹುಟ್ಟಿದ ನಿಧಿಯ ಕಾಲದಲ್ಲೇ ಮದುವೆಗಳು ಮನೆಯಿಲ್ಲದೆ ಮುಂದಕ್ಕೆ ಹೋದದ್ದು ಎಂತಹ ವಿಪರ್ಯಾಸ!

ಇದೆಲ್ಲ ಯಾರಿಗೂ ಗೊತ್ತಿರಲಿಲ್ಲವೇ? ಗೊತ್ತಿತ್ತು. 2006ರ ಜೂನ್‌ನಲ್ಲಿ ಇರಾನಿನ 50 ಮಂದಿ ಅರ್ಥಶಾಸ್ತ್ರಜ್ಞರು ಅಧ್ಯಕ್ಷರಿಗೆ ಬಹಿರಂಗ ಪತ್ರ ಬರೆದು ಎಚ್ಚರಿಸಿದರು. ಮರುವರ್ಷ 57 ಮಂದಿ ಮತ್ತೆ ಬರೆದರು. ಇವರು ವಾಷಿಂಗ್ಟನ್‌ನಲ್ಲಿ ಕುಳಿತವರಲ್ಲ, ತಮ್ಮದೇ ದೇಶದ ವಿಶ್ವವಿದ್ಯಾನಿಲಯಗಳ ಅಧ್ಯಾಪಕರು. ಬಡವರ ಲಕ್ಷಾಂತರ ಪತ್ರಗಳನ್ನು ಸ್ವೀಕರಿಸುವುದಾಗಿ ಹೇಳಿಕೊಂಡ ಅಧ್ಯಕ್ಷರಿಗೆ ಈ ಎರಡು ಪತ್ರಗಳು ರುಚಿಸಲಿಲ್ಲ. 2007ರ ಜುಲೈಯಲ್ಲಿ ಅವರು ಯೋಜನೆ ಮತ್ತು ಆಡಳಿತ ನಿರ್ವಹಣಾ ಸಂಸ್ಥೆಯನ್ನೇ ಬರ್ಖಾಸ್ತುಗೊಳಿಸಿದರು. 1948ರಿಂದ ಬಂದ ಸಂಸ್ಥೆಯದು. ಶಾಹ್‌ನ ಪತನ, ಕ್ರಾಂತಿ, ಎಂಟು ವರ್ಷಗಳ ಯುದ್ಧ ಎಲ್ಲವನ್ನೂ ದಾಟಿ ಉಳಿದಿತ್ತು. ಯಾವ ಊರಿಗೆ ಎಷ್ಟು ಮನೆ ಬೇಕು, ನೀರೆಲ್ಲಿ, ಹಣವೆಲ್ಲಿ ಎಂದು ಲೆಕ್ಕ ಹಾಕುವುದು ಅದರ ಕೆಲಸ. ಲೆಕ್ಕ ಕೇಳುವವರು ಅಡ್ಡಿಯಾಗುತ್ತಾರೆಂದು ಲೆಕ್ಕದ ಪುಸ್ತಕವನ್ನೇ ಮುಚ್ಚಿದಂತಾಯಿತು.

ವ್ಯಕ್ತಿಗಳ ವಿಷಯದಲ್ಲೂ ಹೀಗೆಯೇ. ತೈಲ ಸಚಿವ ಸ್ಥಾನಕ್ಕೆ ಅವರು ಸೂಚಿಸಿದ ಮೊದಲ ಮೂರು ಹೆಸರುಗಳು ಅವರದೇ ಒಲವಿನ ಸಂಸತ್ತಿನಲ್ಲೂ ದಡ ಸೇರಲಿಲ್ಲ. ನಾಲ್ಕನೆಯವರು ಒಪ್ಪಿಗೆ ಪಡೆದರು. ಸೆಂಟ್ರಲ್ ಬ್ಯಾಂಕಿನ ಗವರ್ನರ್‌ಗಳು ಒಬ್ಬರ ನಂತರ ಒಬ್ಬರು ಹೋದರು. ಸಾಲದ ಹೊಳೆಗೆ ಕಟ್ಟೆ ಕಟ್ಟಲು ಯತ್ನಿಸಿದ ತಹ್ಮಾಸ್ಬ್ ಮಝಾಹಿರಿ 2008ರಲ್ಲಿ ಹುದ್ದೆ ಕಳೆದುಕೊಂಡರು. ಅದೇ ವರ್ಷ ಅರ್ಥ ಸಚಿವ ದಾವೂದ್ ದಾನಿಶ್ ಜಾಫರಿ ತಮ್ಮ ಬೀಳ್ಕೊಡುಗೆಯ ಭಾಷಣದಲ್ಲೇ ಸರಕಾರದ ಆರ್ಥಿಕ ರೀತಿನೀತಿಗಳನ್ನು ಟೀಕಿಸಿ ನಿರ್ಗಮಿಸಿದರು. ಪತ್ರಿಕೆಗಳು? 'ಶರ್ಕ್' ದಿನಪತ್ರಿಕೆ 2006ರಲ್ಲಿ ಒಮ್ಮೆ, 2007ರಲ್ಲಿ ಇನ್ನೊಮ್ಮೆ ಮುಚ್ಚಲ್ಪಟ್ಟಿತು. ಸಲಹೆಗಾರ ಹೋದ, ಲೆಕ್ಕಿಗ ಹೋದ, ಟೀಕಾಕಾರ ಹೋದ. ಉಳಿದದ್ದು ಮೈದಾನ, ಮೈಕು ಮತ್ತು ಜಾಕೆಟ್.

ಈಗ ಮೆಹ್ರ್ ವಸತಿ ಯೋಜನೆಗೆ ಬರೋಣ. 2007ರಲ್ಲಿ ಆರಂಭವಾದ ಇದು ಅವರ ಆಡಳಿತದ ಅತ್ಯಂತ ದೊಡ್ಡ ಯೋಜನೆ. ಇದರ ಮೂಲ ಕಲ್ಪನೆ ಒಳ್ಳೆಯದಿತ್ತೆಂದು ನಾವು ಸ್ಪಷ್ಟವಾಗಿ ಹೇಳಬೇಕು. ನಗರದಲ್ಲಿ ಮನೆಯ ಬೆಲೆಯ ದೊಡ್ಡ ಪಾಲು ಭೂಮಿಯದು. ಸರಕಾರಿ ಭೂಮಿಯನ್ನು 99 ವರ್ಷಗಳ ಗೇಣಿಗೆ ಕೊಟ್ಟರೆ ಆ ಪಾಲು ಬಿದ್ದುಹೋಗುತ್ತದೆ. ಕಟ್ಟಡದ ಖರ್ಚು ಮಾತ್ರ ಉಳಿಯುತ್ತದೆ. ಸ್ವಂತ ಮನೆಯಿಲ್ಲದವರು, ಹಿಂದೆ ಸರಕಾರಿ ವಸತಿ ನೆರವು ಪಡೆಯದವರು ಸಹಕಾರಿ ಸಂಘಗಳ ಮೂಲಕ ಸೇರಬಹುದು. ವಸತಿ ಬ್ಯಾಂಕಾದ 'ಬ್ಯಾಂಕ್ ಮಸ್ಕನ್' ಸಾಲ ಕೊಡುತ್ತದೆ. ದಲ್ಲಾಳಿಯ ಹೊಟ್ಟೆಗೆ ಹೊಡೆಯುವ ಇಂತಹ ಯೋಜನೆಯನ್ನು ಯಾವ ನ್ಯಾಯಪ್ರಿಯನೂ ವಿರೋಧಿಸಲಾರ. ಹತ್ತು ಲಕ್ಷಕ್ಕೂ ಹೆಚ್ಚು ಕುಟುಂಬಗಳಿಗೆ ಇದರಿಂದ ತಲೆಯ ಮೇಲೊಂದು ಸೂರು ಸಿಕ್ಕಿತೆಂಬುದನ್ನು ಮರೆಯಬಾರದು. ಇದನ್ನು ಕೇವಲ ಕಾಂಕ್ರೀಟಿನ ರಾಶಿ ಎಂದು ಲೇವಡಿ ಮಾಡಿದವರಲ್ಲಿ ಅನೇಕರು ಬಾಡಿಗೆಯ ಕಷ್ಟ ಕಂಡವರಲ್ಲ.

ಆದರೆ ಸಾಲಕ್ಕೆ ಹಣ ಎಲ್ಲಿಂದ ಬಂತು? ಶ್ರೀಮಂತರ ಖಾಲಿ ಫ್ಲ್ಯಾಟುಗಳ ಮೇಲಿನ ತೆರಿಗೆಯಿಂದಲ್ಲ, ಭೂ ದಲ್ಲಾಳಿಗಳ ಲಾಭದಿಂದಲ್ಲ. ಸೆಂಟ್ರಲ್ ಬ್ಯಾಂಕ್ ಸೃಷ್ಟಿಸಿಕೊಟ್ಟ ಹೊಸ ಹಣದಿಂದ. ಆ ಹಣ ಮಾರುಕಟ್ಟೆಗೆ ಬಂದು ಅಕ್ಕಿ, ಮಾಂಸ, ಸಿಮೆಂಟ್, ಬಾಡಿಗೆ ಎಲ್ಲದರ ಬೆಲೆಯನ್ನೂ ಏರಿಸಿತು. ಅಂದರೆ ಮೆಹ್ರ್ ಮನೆ ಸಿಗದ ಬಡವನೂ ಮೆಹ್ರ್ ಮನೆಯ ಖರ್ಚು ತೆತ್ತ. ಯೋಜನೆಗೆ ಸೇರಲು ಕೈಯಿಂದ ಹಾಕಬೇಕಾದ ಮೊದಲ ಕಂತೂ ಇತ್ತು. ಅದನ್ನು ಹೊಂದಿಸಲಾಗದ ಅತ್ಯಂತ ಕೆಳಗಿನ ಜನ ಬಾಗಿಲಲ್ಲೇ ಉಳಿದರು. ಯಾರ ಹೆಸರಿನಲ್ಲಿ ಕಟ್ಟಲಾಯಿತೋ ಅವರಲ್ಲಿ ಅತ್ಯಂತ ಬಡವರು ಹೊರಗೆ ನಿಂತು ಬೆಲೆಯೇರಿಕೆಯನ್ನು ಮಾತ್ರ ಪಡೆದರು.

ಮನೆಗಳು ಎಲ್ಲಿ ಎದ್ದವು? ರಾಜಧಾನಿಯ ಸುತ್ತ ಪರ್ದೀಸ್, ಪರಂದ್, ಹಶ್ತ್‌ಗಿರ್ದ್ ಎಂಬ ಹೊಸ ಪಟ್ಟಣಗಳಲ್ಲಿ, ಸರಕಾರಿ ಭೂಮಿ ಸಿಕ್ಕಿದ ಬೋಳುಗುಡ್ಡಗಳಲ್ಲಿ, ಬಯಲುಗಳಲ್ಲಿ. ಸಾಲುಸಾಲು ಕಟ್ಟಡಗಳು ಮೊದಲು ಬಂದವು. ನೀರು, ಚರಂಡಿ, ಶಾಲೆ, ಆಸ್ಪತ್ರೆ, ಬಸ್ಸು ನಂತರ ಬರಬೇಕಿತ್ತು. ಅನೇಕ ಕಡೆ ವರ್ಷಗಟ್ಟಲೆ ಬರಲಿಲ್ಲ. ಕೂಲಿಗಾಗಿ ಪ್ರತಿದಿನ ಟೆಹರಾನಿಗೆ ಹೋಗಿ ಬರಬೇಕಾದವನಿಗೆ ಮನೆ ಅಗ್ಗವಾಯಿತು, ದಾರಿ ದುಬಾರಿಯಾಯಿತು. ಯೋಜನಾ ಸಂಸ್ಥೆಯನ್ನು ಮುಚ್ಚಿದ ವರ್ಷದಲ್ಲೇ ದೇಶದ ಅತಿದೊಡ್ಡ ವಸತಿ ಯೋಜನೆಯನ್ನು ಆರಂಭಿಸಿದ್ದರ ಫಲವಿದು. 2013ರಲ್ಲಿ ಅಹ್ಮದಿನೆಜಾದ್ ಅಧಿಕಾರದಿಂದ ಇಳಿದಾಗ ಲಕ್ಷಾಂತರ ಮನೆಗಳು ಅರ್ಧದಲ್ಲಿದ್ದವು. 2017ರ ನವೆಂಬರ್ 12ರಂದು ಕಿರ್ಮಾನ್‌ಶಾಹ್ ಪ್ರಾಂತದಲ್ಲಿ 7.3 ತೀವ್ರತೆಯ ಭೂಕಂಪವಾಗಿ 600ಕ್ಕೂ ಹೆಚ್ಚು ಜನ ಸತ್ತಾಗ, ಸರ್‌ಪುಲೆ ಝಹಾಬ್ ಪಟ್ಟಣದ ಮೆಹ್ರ್ ಕಟ್ಟಡಗಳ ಗೋಡೆಗಳು ಕಳಚಿ ಬಿದ್ದ ಚಿತ್ರಗಳನ್ನು ಜಗತ್ತು ನೋಡಿತು. ಖಾಸಗಿ ಕಟ್ಟಡಗಳೂ ಬಿದ್ದವು, ಅನೇಕ ಮೆಹ್ರ್ ಕಟ್ಟಡಗಳ ಚೌಕಟ್ಟು ನಿಂತಿತು ಎಂಬುದೂ ನಿಜ. ಆದರೂ ಗುತ್ತಿಗೆದಾರನ ಮೇಲೆ ಕಣ್ಣಿಡಬೇಕಾದವರು ಎಲ್ಲಿದ್ದರು ಎಂಬ ಪ್ರಶ್ನೆ ಆ ಗೋಡೆಗಳಡಿಯಲ್ಲಿ ಹೂತುಹೋಗಬಾರದು.

ಇಲ್ಲಿ ಎರಡು ಆಕ್ಷೇಪಗಳಿಗೆ ನಾವು ಉತ್ತರಿಸಬೇಕು.

ಮೊದಲನೆಯದು, ಇದಕ್ಕೆಲ್ಲ ಅಮೆರಿಕದ ದಿಗ್ಬಂಧನವೇ ಕಾರಣ, ಸಾಮ್ರಾಜ್ಯಶಾಹಿಯ ವಿರುದ್ಧ ನಿಂತ ನಾಯಕನನ್ನು ಟೀಕಿಸುವುದು ಶತ್ರುವಿಗೆ ಆಯುಧ ಕೊಟ್ಟಂತೆ ಎಂಬುದು. ದಿಗ್ಬಂಧನಗಳು ಇರಾನಿನ ಜನಸಾಮಾನ್ಯರ ಮೇಲೆ ಎಸಗಿದ ಕ್ರೌರ್ಯವನ್ನು ನಾವು ಅಲ್ಲಗಳೆಯುವುದಿಲ್ಲ. ಔಷಧಿಗೂ ಪರದಾಡುವಂತೆ ಮಾಡಿದ ಆ ನೀತಿ ಅಮಾನವೀಯ. ಆದರೆ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಮೊದಲ ದಿಗ್ಬಂಧನ ಬಂದದ್ದು 2006ರ ಡಿಸೆಂಬರ್‌ನಲ್ಲಿ. ತೈಲ ರಫ್ತಿನ ಕತ್ತು ಹಿಸುಕಿದ ಕ್ರಮಗಳು ಬಂದದ್ದು 2012ರಲ್ಲಿ. ಟೆಹರಾನಿನ ಮನೆ ಬೆಲೆ ಹಾರಿದ್ದು ಇವೆರಡರ ನಡುವೆ, ಇರಾನ್ ಹಿಂದೆಂದೂ ಕಾಣದಷ್ಟು ತೈಲದ ಹಣ ಕಂಡ ವರ್ಷಗಳಲ್ಲಿ. ಹಣವಿಲ್ಲದೆ ಕೆಟ್ಟ ಕಥೆ ಇದಲ್ಲ, ಹಣವಿದ್ದೂ ಕೆಟ್ಟ ಕಥೆ. ಇನ್ನು ಶತ್ರುವಿಗೆ ಆಯುಧ ಕೊಡುವ ವಿಷಯ. ಇರಾನಿನ ಬಡವನ ಬಾಡಿಗೆಯ ಬಗ್ಗೆ ಮಾತಾಡಿದರೆ ಬಲಗೊಳ್ಳುವುದು ಆ ಬಡವನೇ ಹೊರತು ಅಮೆರಿಕವಲ್ಲ. ಅನ್ಯಾಯದ ವಿರುದ್ಧದ ನಮ್ಮ ದನಿ ಶತ್ರುವಿನ ಅನ್ಯಾಯಕ್ಕೆ ಮಾತ್ರ ಮೀಸಲಾಗಿದ್ದರೆ ಅದು ನ್ಯಾಯಪ್ರೇಮವಲ್ಲ, ಪಕ್ಷಪ್ರೇಮ.

ಎರಡನೆಯದು ಇದಕ್ಕೆ ವಿರುದ್ಧ ದಿಕ್ಕಿನಿಂದ ಬರುತ್ತದೆ. ಹಾಗಾದರೆ ಸರಕಾರ ಮನೆ ಕಟ್ಟುವ ಗೊಡವೆಯೇ ಬೇಡ, ಮಾರುಕಟ್ಟೆಗೆ ಬಿಡಬೇಕು ಎಂಬ ವಾದ. ನಮ್ಮ ಉತ್ತರ ಅಷ್ಟೇ ಖಡಾಖಂಡಿತ: ಬೇಡ. ಮಾರುಕಟ್ಟೆಗೆ ಬಿಟ್ಟ 1990ರ ದಶಕವೇ 2005ರ ಸಿಟ್ಟನ್ನು ಹೆತ್ತದ್ದು. 2013ರಲ್ಲಿ ಬಂದ ಹಸನ್ ರೂಹಾನಿ ಸರಕಾರ ಮೆಹ್ರ್ ಯೋಜನೆಯನ್ನು ಬೈಯುವುದರಲ್ಲಿ ತೋರಿದ ಉತ್ಸಾಹವನ್ನು ಪರ್ಯಾಯ ಕಟ್ಟುವುದರಲ್ಲಿ ತೋರಲಿಲ್ಲ. 2018ರ ನಂತರ ಬೆಲೆಗಳು ಮತ್ತೆ ಗಗನಕ್ಕೇರಿದಾಗ ಬಾಡಿಗೆದಾರನ ಕೈಯಲ್ಲಿ ಏನೂ ಇರಲಿಲ್ಲ. 2021ರಲ್ಲಿ ಇಬ್ರಾಹೀಮ್ ರಈಸಿ ವರ್ಷಕ್ಕೆ ಹತ್ತು ಲಕ್ಷದಂತೆ ನಾಲ್ಕು ವರ್ಷಗಳಲ್ಲಿ 40 ಲಕ್ಷ ಮನೆಗಳ ಭರವಸೆ ಕೊಟ್ಟು ಬಂದರು. ಅವರೂ ಪ್ರಾಂತಗಳ ಪ್ರವಾಸ ಮಾಡಿದರು. 2024ರ ಮೇ 19ರಂದು ಹೆಲಿಕಾಪ್ಟರ್ ಅಪಘಾತದಲ್ಲಿ ಅವರು ಮೃತರಾದಾಗ ಕಟ್ಟಿದ ಮನೆಗಳು ಭರವಸೆಯ ಹತ್ತಿರವೂ ಇರಲಿಲ್ಲ. ಒಬ್ಬ ಬೈಯುತ್ತಾನೆ, ಇನ್ನೊಬ್ಬ ಸಂಖ್ಯೆ ಘೋಷಿಸುತ್ತಾನೆ. ಖಾಲಿ ಮನೆಗಳಿಗೂ ಊಹಾಪೋಹದ ಲಾಭಕ್ಕೂ ನಿಜವಾಗಿ ನಾಟುವಂತಹ ತೆರಿಗೆ ಹಾಕುವ ಧೈರ್ಯವನ್ನು ಯಾರೂ ಮಾಡಲಿಲ್ಲ. ಏಕೆಂದರೆ ಆ ಖಾಲಿ ಮನೆಗಳ ಬೀಗದ ಕೈ ಇರುವುದು ಅಧಿಕಾರದ ನೆರೆಹೊರೆಯವರಲ್ಲಿ, ಬ್ಯಾಂಕುಗಳಲ್ಲಿ, ದೊಡ್ಡ ಪ್ರತಿಷ್ಠಾನಗಳಲ್ಲಿ.

ಸರಳತೆಗೆ ಉದಾಹರಣೆಯಾಗಿ ನಾವು ಸದಾ ಹಝ್ರತ್ ಉಮರ್(ರ)ರನ್ನು ನೆನೆಯುತ್ತೇವೆ. ತೇಪೆ ಹಾಕಿದ ಬಟ್ಟೆ, ಮರದ ನೆರಳಿನ ನಿದ್ದೆ. ಆದರೆ ಕಥೆಯ ಉಳಿದ ಭಾಗವನ್ನೇಕೆ ಹೇಳುವುದಿಲ್ಲ? ಅವರ ಮೈಮೇಲಿನ ಬಟ್ಟೆ ಇತರರ ಪಾಲಿಗಿಂತ ಹೆಚ್ಚಿದೆಯಲ್ಲಾ ಎಂದು ಸಭೆಯಲ್ಲಿ ಒಬ್ಬ ಸಾಮಾನ್ಯ ಪ್ರಶ್ನಿಸಿದ. ಅವನನ್ನು ಯಾರೂ ಹೊರದಬ್ಬಲಿಲ್ಲ. ಖಲೀಫರ ಮಗ ಎದ್ದು ನಿಂತು ತನ್ನ ಪಾಲನ್ನು ತಂದೆಗೆ ಕೊಟ್ಟೆನೆಂದು ಲೆಕ್ಕ ಒಪ್ಪಿಸಬೇಕಾಯಿತು. ಇಸ್ಲಾಮೀ ಆಡಳಿತದಲ್ಲಿ 'ದೀವಾನ್' ಅಂದರೆ ಲೆಕ್ಕದ ದಫ್ತರವನ್ನು ಸ್ಥಾಪಿಸಿದವರೂ ಅವರೇ. ಯಾರಿಗೆ ಎಷ್ಟು ಸಲ್ಲಬೇಕೆಂದು ಅಲ್ಲಿ ಹೆಸರು ಬರೆದಿಡಲಾಗುತ್ತಿತ್ತು. ಕೂಫಾ ನಗರ ಕಟ್ಟುವಾಗ ಬೀದಿ ಎಷ್ಟು ಅಗಲವಿರಬೇಕು ಎಂದು ಅವರು ಸೂಚಿಸಿದ್ದನ್ನು ಹಳೆಯ ಇತಿಹಾಸಕಾರರು ದಾಖಲಿಸಿದ್ದಾರೆ. ಜೊಂಡಿನ ಗುಡಿಸಲುಗಳು ಬೆಂಕಿಗೆ ಆಹುತಿಯಾದಾಗ ಇಟ್ಟಿಗೆಯ ಮನೆಗೆ ಅನುಮತಿ ಕೊಟ್ಟರು, ಆದರೆ ಯಾರೂ ಮೂರು ಕೋಣೆಗಿಂತ ಹೆಚ್ಚು ಕಟ್ಟಬಾರದೆಂದು ಮಿತಿ ಹಾಕಿದರು. ಬಲವಿದ್ದವನು ಎಲ್ಲವನ್ನೂ ಬಾಚಿಕೊಳ್ಳದಂತೆ ನೋಡಿಕೊಳ್ಳುವ ಮಿತಿಯದು. ತೇಪೆಯ ಬಟ್ಟೆಯ ಹಿಂದೆ ದಫ್ತರವಿತ್ತು, ಪ್ರಶ್ನೆಯಿತ್ತು, ನಿಯಮವಿತ್ತು. ಇವಿಲ್ಲದಿದ್ದರೆ ತೇಪೆ ಬರೀ ವೇಷ.

ಇರಾನಿನ ಆಡಳಿತಗಾರರು ಹೆಚ್ಚು ಆದರಿಸುವ ಹಝ್ರತ್ ಅಲೀ(ರ)ರನ್ನೇ ತೆಗೆದುಕೊಳ್ಳೋಣ. ಈಜಿಪ್ಟಿಗೆ ರಾಜ್ಯಪಾಲರಾಗಿ ಹೊರಟ ಮಾಲಿಕ್ ಅಶ್ತರ್‌ಗೆ ಅವರು ಬರೆದರೆನ್ನಲಾದ ಪತ್ರವನ್ನು ಇರಾನಿನಲ್ಲಿ ಆಡಳಿತದ ಪಾಠವಾಗಿ ಓದುತ್ತಾರೆ. ಅರ್ಜಿದಾರರು ಕಾವಲುಗಾರರ ಭಯವಿಲ್ಲದೆ ಮಾತಾಡಲು ಸಮಯ ಮೀಸಲಿಡಬೇಕೆಂಬ ಸಲಹೆ ಅದರಲ್ಲಿದೆ. ಅದೇ ಪತ್ರದಲ್ಲಿ ವಿದ್ವಾಂಸರ ಜೊತೆ ನಿರಂತರ ಚರ್ಚಿಸಬೇಕು, ಹೊಗಳುಭಟರನ್ನು ದೂರವಿಡಬೇಕು, ಕಹಿಯಾದರೂ ಸತ್ಯ ಹೇಳುವವರನ್ನು ಹತ್ತಿರ ಇಟ್ಟುಕೊಳ್ಳಬೇಕು, ಖಜಾನೆಗಿಂತ ನಾಡಿನ ಏಳಿಗೆಗೆ ಮಹತ್ವ ಕೊಡಬೇಕು ಎಂಬ ಸಲಹೆಗಳೂ ಇವೆ. ಅಹ್ಮದಿನೆಜಾದ್ ಪತ್ರದ ಅರ್ಧವನ್ನು ಎತ್ತಿಕೊಂಡು ಮೈದಾನಕ್ಕೆ ಹೋದರು. ಉಳಿದರ್ಧವನ್ನು ಟೆಹರಾನಿನ ಕಚೇರಿಯ ಬೀಗದೊಳಗೆ ಬಿಟ್ಟರು.

2011ರಲ್ಲಿ ಅವರ 1977ರ ಮಾಡೆಲ್‌ನ ಪ್ಯೂಜೋ 504 ಕಾರು ಹರಾಜಾಗಿ 25 ಲಕ್ಷ ಡಾಲರ್ ತಂದಿತೆಂದು ಸುದ್ದಿಯಾಯಿತು. ಹಣ ವಸತಿಯ ದತ್ತಿ ಕೆಲಸಕ್ಕೆಂದರು. ಅನೇಕರು ಕಣ್ಣೀರು ಒರೆಸಿಕೊಂಡು ಆ ಸುದ್ದಿ ಓದಿದರು. ನಾವು ಕೇಳುವುದಿಷ್ಟೇ: ಒಂದು ತೈಲ ಸಮೃದ್ಧ ರಾಷ್ಟ್ರದಲ್ಲಿ, ಮನೆ ಪ್ರತಿಯೊಬ್ಬನ ಹಕ್ಕು ಎಂದು ಸಂವಿಧಾನದಲ್ಲಿ ಬರೆದಿರುವಲ್ಲಿ, ಅಧ್ಯಕ್ಷನ ಹಳೆಯ ಕಾರು ಮಾರಿ ಬಡವರಿಗೆ ಮನೆ ಕಟ್ಟಬೇಕಾಗಿ ಬಂದದ್ದು ಹೆಮ್ಮೆಯ ಸಂಗತಿಯೇ, ನಾಚಿಕೆಯ ಸಂಗತಿಯೇ?

ಸರಳ ಬದುಕು ಆಡಳಿತಗಾರ ತನಗೂ ತನ್ನ ಪ್ರಭುವಿಗೂ ಸಲ್ಲಿಸುವ ಋಣ. ಅದಕ್ಕೆ ಪ್ರತಿಫಲ ಅಲ್ಲಾಹನಲ್ಲಿದೆ. ಪ್ರಜೆಗಳಿಗೆ ಸಲ್ಲಿಸಬೇಕಾದ ಋಣ ಬೇರೆ: ಬೊಕ್ಕಸದ ಲೆಕ್ಕ, ನಿಯಮದಂತೆ ಹಂಚಿಕೆ, ಪ್ರಶ್ನಿಸುವವನ ಸುರಕ್ಷತೆ. ಅಧಿಕಾರ ಅಮಾನತ್ ಎಂದು ನಾವು ಭಾಷಣಗಳಲ್ಲಿ ಹೇಳುತ್ತೇವೆ. ಅಮಾನತ್ ಇಟ್ಟುಕೊಂಡವನು ಹರಿದ ಬಟ್ಟೆಯಲ್ಲಿ ಬಂದು ನಿಂತರೆ ಇಟ್ಟವನು ಅಯ್ಯೋ ಪಾಪ ಎನ್ನಬಹುದು. ಆದರೆ ತನ್ನ ಗಂಟನ್ನು ಕೇಳದೆ ಹಿಂದಿರುಗಬಾರದು.

ಮುಂದೆ ಯಾವುದೇ ದೇಶದಲ್ಲಿ, ಯಾವುದೇ ಪಕ್ಷದಿಂದ ಹೊಸ ನಾಯಕನೊಬ್ಬ ನೆಲದ ಮೇಲೆ ಕುಳಿತು ಉಣ್ಣುವ ಚಿತ್ರ ನಮ್ಮ ಕೈಸೇರಿದಾಗ, ಅದನ್ನು ಮುಂದಕ್ಕೆ ರವಾನಿಸುವ ಮುನ್ನ ಆತನ ನಾಡಿನ ಬಾಡಿಗೆದಾರನ ಸುಪ್ರದಲ್ಲಿ ಏನಿದೆಯೆಂದು ವಿಚಾರಿಸೋಣ. ಮೊದಲು ಕೇಳಬೇಕಾದ ಪ್ರಶ್ನೆ ಅದು.